ಮೈಕಿಗೆ ವಿದ್ಯುತ್ತು ಎಲ್ಲಿಂದ? ಅಭ್ಯಾಸ ಪಾಠದ ವಿಡಿಯೊದಲ್ಲಿ ಧ್ವನಿ ಉಳಿಸಿಕೊಳ್ಳುವ ಬಗೆ

ಕಳೆದ ವರ್ಷದ ಬೋಧನಾಭ್ಯಾಸದ ಮೂರನೆಯ ವಾರ. ನಮ್ಮ ಪ್ರಥಮ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರು ಪ್ರೌಢಶಾಲೆಯೊಂದರ ಎಂಟನೆಯ ತರಗತಿಗೆ ‘ಘರ್ಷಣೆ’ ಪಾಠ ಮಾಡಿದರು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಸೀರೆಯ ಸೆರಗಿಗೆ ಕಾಲರ್ ಮೈಕ್ ಸಿಕ್ಕಿಸಿಕೊಂಡು, 40 ನಿಮಿಷದ ಪೂರ್ತಿ ಪಾಠವನ್ನು ರೆಕಾರ್ಡ್ ಮಾಡಿದ್ದರು. ಸಂಜೆ ಆ ಶಾಲೆಯ ವಿಜ್ಞಾನ ಶಿಕ್ಷಕರು ನನಗೆ ಫೋನ್ ಮಾಡಿದರು. “ನಿಮ್ಮ ಟ್ರೈನಿ ಮೇಡಂ ಇವತ್ತು ಚೆನ್ನಾಗಿ ಪಾಠ ಮಾಡಿದರು ಸರ್. ಹಿಂದಿನ ಬೆಂಚಿನ ಹುಡುಗನೊಬ್ಬ, ಘರ್ಷಣೆ ಇಲ್ಲದಿದ್ದರೆ ದಾರಕ್ಕೆ ಗಂಟು ಹಾಕೋಕಾಗುತ್ತಾ ಅಂತ ಕೇಳಿಬಿಟ್ಟ. ಇವರು ತಕ್ಷಣ ಉತ್ತರ ಹೇಳಲಿಲ್ಲ. ಎಲ್ಲರ ಕೈಗೂ ಒಂದೊಂದು ತುಂಡು ದಾರ ಕೊಟ್ಟು ಅವರಿಂದಲೇ ಹೇಳಿಸಿದರು. ನೀವು ಆ ವಿಡಿಯೊ ನೋಡಲೇಬೇಕು” ಎಂದರು.

ಸೋಮವಾರ ಇಡೀ ತಂಡವನ್ನು ಕೂರಿಸಿಕೊಂಡು ವಿಡಿಯೊ ಹಾಕಿದೆವು. ಚಿತ್ರ ಸ್ವಚ್ಛವಾಗಿತ್ತು. ಮಕ್ಕಳು ಕೈ ಎತ್ತುವುದು, ದಾರ ಹಿಡಿದು ತಲೆ ಕೆರೆದುಕೊಳ್ಳುವುದು ಎಲ್ಲವೂ ಕಾಣುತ್ತಿತ್ತು. ಕೇಳುತ್ತಿದ್ದುದು ಮಾತ್ರ ‘ಸ್ಸ್’ ಎಂಬ ಸಣ್ಣ ಸದ್ದು.

“ಮೈಕ್ ಹಾಕಿದ್ದೆ ಸರ್. ಪಿನ್ನೂ ಸರಿಯಾಗಿ ಕೂತಿತ್ತು” ಎಂದರು ಅವರು.

“ಸ್ವಿಚ್ಚು ಯಾವ ಕಡೆಗಿತ್ತಮ್ಮಾ?”

“ಅದರಲ್ಲಿ ಸ್ವಿಚ್ ಇದೆಯಾ ಸರ್?”

ತಪ್ಪು ಅವರದಲ್ಲ. ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ ನಾನು ಮೈಕಿಗೆ ವಿದ್ಯುತ್ತು ಬೇಕೆಂಬುದನ್ನು ಕಲಿಸಿರಲಿಲ್ಲ. ಅಂದಿನಿಂದ ಪ್ರತಿ ತಂಡಕ್ಕೂ ಹೇಳುತ್ತಿರುವುದನ್ನು ಇಲ್ಲಿ ಬರೆದಿದ್ದೇನೆ. ವಿಷಯ ಸಣ್ಣದು. ಆದರೆ ತಪ್ಪಿದರೆ ಹೋಗುವುದು ಮತ್ತೆ ಸಿಗದ ಪಾಠ.

ಧ್ವನಿ ಇಲ್ಲದ ಅವಲೋಕನ

ಬೋಧನೆಯನ್ನು ರೆಕಾರ್ಡ್ ಮಾಡಿ, ನೋಡಿ, ತಿದ್ದಿಕೊಳ್ಳುವ ಕ್ರಮ ಹೊಸದೇನಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಅವರ ಸಹೋದ್ಯೋಗಿಗಳು ಸೂಕ್ಷ್ಮ ಬೋಧನೆಯನ್ನು ರೂಪಿಸಿದಾಗಲೇ ವಿಡಿಯೊ ಹಿಮ್ಮಾಹಿತಿ ಅದರ ಭಾಗವಾಗಿತ್ತು. ನಾವು ಅಭ್ಯಾಸ ಮಾಡಿಸುವ ಕೌಶಲಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಪುನರ್ಬಲನ ಕೌಶಲ. ಇವುಗಳಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ಕೇಳಬೇಕಾದದ್ದೇ ಹೆಚ್ಚು.

ಫ್ಲ್ಯಾಂಡರ್ಸ್ ಅವರ ಅಂತರ್‌ಕ್ರಿಯಾ ವಿಶ್ಲೇಷಣೆಯನ್ನೇ ತೆಗೆದುಕೊಳ್ಳಿ. ಅದರ 10 ವರ್ಗಗಳಲ್ಲಿ ಮೊದಲ ಏಳು ಶಿಕ್ಷಕರ ಮಾತಿಗೆ, ಎಂಟು ಮತ್ತು ಒಂಬತ್ತು ವಿದ್ಯಾರ್ಥಿಗಳ ಮಾತಿಗೆ, ಹತ್ತನೆಯದು ಮೌನ ಅಥವಾ ಗೊಂದಲಕ್ಕೆ. ಮೂರು ಸೆಕೆಂಡಿಗೊಂದು ಗುರುತು ಹಾಕಬೇಕು. 40 ನಿಮಿಷದ ಪಾಠಕ್ಕೆ ಸುಮಾರು 800 ಗುರುತುಗಳಾಗುತ್ತವೆ. ಮಗುವಿನ ಉತ್ತರ ರೆಕಾರ್ಡಿನಲ್ಲಿ ಕೇಳಿಸದಿದ್ದರೆ ವಿಶ್ಲೇಷಕರು ಅಲ್ಲಿ ಏನು ಗುರುತು ಹಾಕುತ್ತಾರೆ? ಹತ್ತು. ಮಗು ತಾನಾಗಿ ಎತ್ತಿದ ಪ್ರಶ್ನೆ, ಅಂದರೆ ಒಂಬತ್ತನೆಯ ವರ್ಗ, ನಮ್ಮ ಕೋಷ್ಟಕದಲ್ಲಿ ಮೌನವಾಗಿ ದಾಖಲಾಗುತ್ತದೆ. ಪ್ರಶಿಕ್ಷಣಾರ್ಥಿಗೆ “ನಿಮ್ಮ ತರಗತಿಯಲ್ಲಿ ಮಕ್ಕಳ ಸಹಭಾಗಿತ್ವ ಕಡಿಮೆ” ಎಂದು ಷರಾ ಬರೆಯುತ್ತೇವೆ. ಮೈಕಿನ ದೋಷ ಬೋಧನೆಯ ದೋಷವಾಗಿಬಿಡುತ್ತದೆ.

ಯಾವ ಮೈಕಿಗೆ ವಿದ್ಯುತ್ತು ಬೇಕು?

ನಮ್ಮ ಕೈಗೆ ಸಿಗುವ ಮೈಕುಗಳು ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಡೈನಾಮಿಕ್ ಮೈಕ್. ಪ್ರಾರ್ಥನಾ ಸಭೆಯಲ್ಲಿ, ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಮಾತನಾಡುವ ವೈರ್ ಇರುವ ಮೈಕ್ ಸಾಮಾನ್ಯವಾಗಿ ಇದೇ. ಒಳಗೆ ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಮಾತಿಗೆ ಪೊರೆ ಅಲುಗಿದಾಗ ಸುರುಳಿ ಅಯಸ್ಕಾಂತ ಕ್ಷೇತ್ರದಲ್ಲಿ ಚಲಿಸಿ ವಿದ್ಯುತ್ತು ತಾನಾಗಿಯೇ ಹುಟ್ಟುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಈ ಮೈಕಿಗೆ ಹೊರಗಿನ ವಿದ್ಯುತ್ತು ಬೇಡ. ಆದರೆ ಇದು ಕೊಡುವ ಸಂಕೇತ ಬಹಳ ಕ್ಷೀಣ. ಬಾಯಿಯ ಹತ್ತಿರ ಹಿಡಿದರೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಎರಡನೆಯದು ಕಂಡೆನ್ಸರ್ ಮೈಕ್. ಕಾಲರ್ ಮೈಕ್, ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಉದ್ದನೆಯ ಮೈಕ್, ಮೊಬೈಲಿನೊಳಗಿನ ಮೈಕ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಪೊರೆಯೂ ಅದರ ಹಿಂದಿನ ತಟ್ಟೆಯೂ ಸೇರಿ ಒಂದು ಧಾರಕದಂತೆ ಕೆಲಸ ಮಾಡುತ್ತವೆ. ಕಾಲರ್ ಮೈಕಿನಂಥ ಅಗ್ಗದ ಮೈಕುಗಳಲ್ಲಿ ಇರುವುದು ಎಲೆಕ್ಟ್ರೆಟ್ ಎಂಬ ಬಗೆ. 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಇದರಲ್ಲಿ ವಿದ್ಯುದಾವೇಶ ಪೊರೆಯಲ್ಲೇ ಶಾಶ್ವತವಾಗಿ ನೆಲೆಸಿರುತ್ತದೆ.

ಆವೇಶ ಒಳಗೇ ಇದ್ದ ಮೇಲೆ ವಿದ್ಯುತ್ತು ಏಕೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪೊರೆಯಲ್ಲಿ ಹುಟ್ಟುವ ಸಂಕೇತ ವೈರಿನ ಉದ್ದಕ್ಕೂ ಸಾಗಿ ಕ್ಯಾಮೆರಾ ತಲುಪುವಷ್ಟು ಬಲವಾಗಿರುವುದಿಲ್ಲ. ಅದಕ್ಕಾಗಿ ಮೈಕಿನ ಗುಂಡಿಯೊಳಗೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಕೂರಿಸಿರುತ್ತಾರೆ. ವಿದ್ಯುತ್ತು ಬೇಕಾಗಿರುವುದು ಆ ಟ್ರಾನ್ಸಿಸ್ಟರಿಗೆ. ಕೆಲವೇ ವೋಲ್ಟ್, ಒಂದು ಮಿಲಿ ಆಂಪಿಯರಿಗೂ ಕಡಿಮೆ ಪ್ರವಾಹ ಸಾಕು. ಆದರೆ ಅಷ್ಟೂ ಸಿಗದಿದ್ದರೆ ಮೈಕ್ ಇದ್ದೂ ಇಲ್ಲದಂತೆ.

ವಿದ್ಯುತ್ತಿನ ಮೂರು ಮೂಲಗಳು

1. ಮೈಕಿನದೇ ಬ್ಯಾಟರಿ. ಕೆಲವು ಕಾಲರ್ ಮೈಕುಗಳ ವೈರಿನ ನಡುವೆ ಒಂದು ಸಣ್ಣ ಕೊಳವೆಯಂಥ ಡಬ್ಬಿ ಇರುತ್ತದೆ. ಅದರೊಳಗೆ ಎಲ್‌ಆರ್44 ಎಂಬ 1.5 ವೋಲ್ಟಿನ ಬಟನ್ ಸೆಲ್. ಮೇಲೊಂದು ಸ್ವಿಚ್ಚು: ಒಂದು ಕಡೆಗೆ ತಳ್ಳಿದರೆ ಕ್ಯಾಮೆರಾ, ಇನ್ನೊಂದು ಕಡೆಗೆ ತಳ್ಳಿದರೆ ಮೊಬೈಲ್. ಮೊಬೈಲ್ ತಾನೇ ವಿದ್ಯುತ್ತು ಕೊಡುವುದರಿಂದ ಆ ಕಡೆಗಿದ್ದಾಗ ಬ್ಯಾಟರಿ ಬಳಕೆಯಾಗುವುದಿಲ್ಲ. ಕ್ಯಾಮೆರಾಕ್ಕೆ ಚುಚ್ಚಿದಾಗ ಸ್ವಿಚ್ಚು ಕ್ಯಾಮೆರಾ ಕಡೆಗೇ ಇರಬೇಕು. ನಮ್ಮ ‘ಘರ್ಷಣೆ’ ಪಾಠ ಹೋದದ್ದು ಇಲ್ಲಿಯೇ. ಕೆಲಸ ಮುಗಿದ ಮೇಲೆ ಸ್ವಿಚ್ಚನ್ನು ಹಿಂದಕ್ಕೆ ತಳ್ಳುವುದೂ ಅಷ್ಟೇ ಮುಖ್ಯ. ರಜೆಯುದ್ದಕ್ಕೂ ಹಾಗೆಯೇ ಬಿಟ್ಟರೆ ಸೆಲ್ ಖಾಲಿಯಾಗುತ್ತದೆ. ಹಳೆಯ ಸೆಲ್ ಸೋರಿ ಒಳಗಿನ ಲೋಹಕ್ಕೆ ಕಿಲುಬು ಹಿಡಿಯುವುದೂ ಉಂಟು. ದೀರ್ಘ ರಜೆಗೆ ಮುಂಚೆ ಸೆಲ್ ಹೊರತೆಗೆದಿಡುವುದೇ ಕ್ಷೇಮ.

2. ಕ್ಯಾಮೆರಾ ಕೊಡುವ ವಿದ್ಯುತ್ತು. ಇದನ್ನು ಪ್ಲಗ್-ಇನ್ ಪವರ್ ಎನ್ನುತ್ತಾರೆ. ಕ್ಯಾಮೆರಾದ 3.5 ಮಿ.ಮೀ. ಮೈಕ್ ತೂತಿನ ಮೂಲಕವೇ ಕೆಲವು ವೋಲ್ಟಿನಷ್ಟು ವಿದ್ಯುತ್ತು ಮೈಕಿಗೆ ಹೋಗುತ್ತದೆ. ಸಂಕೇತ ಬರುವ ತಂತಿಯಲ್ಲೇ ವಿದ್ಯುತ್ತೂ ಹೋಗುವುದರಿಂದ ಬೇರೆ ವೈರ್ ಬೇಡ. ಬ್ಯಾಟರಿಯಿಲ್ಲದ, ಸ್ವಿಚ್ಚೂ ಇಲ್ಲದ ಪುಟ್ಟ ಮೈಕುಗಳು ಇದನ್ನೇ ನಂಬಿ ಕೆಲಸ ಮಾಡುತ್ತವೆ. ಎಲ್ಲ ಕ್ಯಾಮೆರಾಗಳೂ ಇದನ್ನು ಕೊಡುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ಮೆನುವಿನೊಳಗೆ ಹೋಗಿ ಆನ್ ಮಾಡಬೇಕು. ಕಡಿಮೆ ಬೆಲೆಯ ಕೆಲವು ಕ್ಯಾಮೆರಾಗಳಲ್ಲಿ ಮೈಕ್ ತೂತೇ ಇರುವುದಿಲ್ಲ. ಕಾಲೇಜಿಗೆ ಮೈಕ್ ಕೊಳ್ಳುವ ಮುನ್ನ ಕ್ಯಾಮೆರಾದ ಕೈಪಿಡಿಯಲ್ಲಿ ಈ ಒಂದು ಅಂಶವನ್ನು ನೋಡಿಕೊಳ್ಳಬೇಕು. ಈ ವಿದ್ಯುತ್ತು ಎಷ್ಟು ಅಲ್ಪವೆಂದರೆ ಕ್ಯಾಮೆರಾದ ಬ್ಯಾಟರಿ ಬೇಗ ಮುಗಿಯುತ್ತದೆಂಬ ಹೆದರಿಕೆ ಬೇಡ.

3. ಫ್ಯಾಂಟಮ್ ಪವರ್. ಮೂರು ಕಡ್ಡಿಗಳ ಎಕ್ಸ್‌ಎಲ್‌ಆರ್ ಪಿನ್ ಇರುವ ದೊಡ್ಡ ಕಂಡೆನ್ಸರ್ ಮೈಕುಗಳಿಗೆ ಮಿಕ್ಸರ್ ಅಥವಾ ರೆಕಾರ್ಡರ್ ಕೊಡುವ 48 ವೋಲ್ಟಿನ ವಿದ್ಯುತ್ತು ಇದು. ಸಭಾಂಗಣದ ಮಿಕ್ಸರಿನ ಮೇಲೆ ‘48ವಿ’ ಎಂದು ಬರೆದ ಗುಂಡಿ ಇದರದೇ. ಈ ಬಗೆಯ ಮೈಕಿಗೆ ಎಕ್ಸ್‌ಎಲ್‌ಆರ್‌ನಿಂದ 3.5 ಮಿ.ಮೀ.ಗೆ ಬದಲಿಸುವ ವೈರ್ ಹಾಕಿ ಸಾಮಾನ್ಯ ಕ್ಯಾಮೆರಾಕ್ಕೆ ಚುಚ್ಚಿದರೆ ಪಿನ್ ಹೊಂದುತ್ತದೆ, ಧ್ವನಿ ಬರುವುದಿಲ್ಲ. ವೈರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ಕೆಲವು ವೋಲ್ಟನ್ನು 48 ವೋಲ್ಟ್ ಮಾಡುವುದಿಲ್ಲ. ಇದಕ್ಕೆ ಉಲ್ಟಾ ತಪ್ಪು ಇನ್ನೂ ದುಬಾರಿ. ಸಣ್ಣ ಕಾಲರ್ ಮೈಕನ್ನು ಬರಿಯ ಪಿನ್ ಬದಲಿಸಿ ಫ್ಯಾಂಟಮ್ ಆನ್ ಇರುವ ಮಿಕ್ಸರಿಗೆ ಚುಚ್ಚಿದರೆ ಮೈಕ್ ಸುಟ್ಟುಹೋಗಬಹುದು. ವೋಲ್ಟ್ ಇಳಿಸಿಕೊಡುವ ಅಡಾಪ್ಟರ್ ಇದ್ದರೆ ಮಾತ್ರ ಹಾಗೆ ಜೋಡಿಸಬೇಕು.

ವೈರ್ ಇಲ್ಲದ ಕಾಲರ್ ಮೈಕುಗಳು ಈಗ ಅಗ್ಗವಾಗಿವೆ. ಅವುಗಳಲ್ಲಿ ಎರಡು ತುಂಡುಗಳಿರುತ್ತವೆ, ಎರಡಕ್ಕೂ ವಿದ್ಯುತ್ತು ಬೇಕು ಎಂಬುದನ್ನು ಮರೆಯಬಾರದು. ಮೈಗೆ ಸಿಕ್ಕಿಸುವ ತುಂಡನ್ನು ಚಾರ್ಜ್ ಮಾಡಿ, ಕ್ಯಾಮೆರಾಕ್ಕೆ ಚುಚ್ಚುವ ತುಂಡನ್ನು ಮರೆತು ಶಾಲೆಗೆ ಹೋದವರು ನಮ್ಮಲ್ಲೇ ಇದ್ದಾರೆ. ಬೆಳಗ್ಗೆ ಹಳ್ಳಿಯ ಶಾಲೆ ತಲುಪುವ ಹೊತ್ತಿಗೆ ಕರೆಂಟ್ ಇರುತ್ತದೆಂಬ ಭರವಸೆ ಬೇಡ. ಹಿಂದಿನ ರಾತ್ರಿಯೇ ಚಾರ್ಜ್ ಆಗಬೇಕು.

ಪಿನ್ನಿನ ಮೇಲಿನ ಕಪ್ಪು ಗೆರೆಗಳು

ವಿದ್ಯುತ್ತು ಇದ್ದರೂ ತಲುಪಬೇಕಾದ ಕಡೆಗೆ ತಲುಪದಿರುವುದಕ್ಕೆ ಪಿನ್ ಕಾರಣವಾಗುತ್ತದೆ. ನೋಡಲು ಒಂದೇ ಥರ ಕಾಣುವ 3.5 ಮಿ.ಮೀ. ಪಿನ್ನುಗಳಲ್ಲಿ ಕಪ್ಪು ಗೆರೆಗಳನ್ನು ಎಣಿಸಿ. ಮೂರು ಗೆರೆ ಇದ್ದರೆ ಅದು ಮೊಬೈಲಿಗೆ ಮಾಡಿದ್ದು; ಇಯರ್‌ಫೋನಿನ ಎರಡು ಕಡೆಯ ಧ್ವನಿ, ಮೈಕ್ ಮತ್ತು ಭೂಸಂಪರ್ಕ ಸೇರಿ ನಾಲ್ಕು ಸಂಪರ್ಕಗಳಿರುತ್ತವೆ. ಎರಡು ಗೆರೆ ಇದ್ದರೆ ಕ್ಯಾಮೆರಾಕ್ಕೆ ಹೊಂದುವ ಮೂರು ಸಂಪರ್ಕದ ಪಿನ್. ಮೊಬೈಲಿಗೆಂದೇ ಮಾಡಿದ ಮೈಕನ್ನು ಕ್ಯಾಮೆರಾಕ್ಕೆ ಹಾಗೇ ಚುಚ್ಚಿದರೆ ಸಾಮಾನ್ಯವಾಗಿ ಧ್ವನಿ ಬರುವುದಿಲ್ಲ. ನಡುವೆ ಬದಲಿ ಪಿನ್ ಬೇಕು. ಸ್ವಿಚ್ಚಿರುವ ಮೈಕುಗಳಲ್ಲಿ ಮೂರು ಗೆರೆಯ ಪಿನ್ ಇದ್ದರೂ ಸ್ವಿಚ್ಚೇ ಆ ಬದಲಾವಣೆ ಮಾಡಿಕೊಡುತ್ತದೆ.

ಒಂದೇ ಗೆರೆಯ ಮೋನೊ ಪಿನ್ ಹಾಕಿದರೆ ಎಡಗಿವಿಯಲ್ಲಿ ಮಾತ್ರ ಧ್ವನಿ ಕೇಳುತ್ತದೆ. ಇದು ದೊಡ್ಡ ನಷ್ಟವಲ್ಲ. ಎಡಿಟ್ ಮಾಡುವಾಗ ಎಡಗಡೆಯ ಧ್ವನಿಯನ್ನು ಬಲಗಡೆಗೂ ನಕಲು ಮಾಡಿಕೊಳ್ಳಬಹುದು.

ತಪ್ಪು ಏಕೆ ಕೊನೆಯವರೆಗೂ ಗೊತ್ತಾಗುವುದಿಲ್ಲ?

ಇದಕ್ಕೊಂದು ಕಾರಣವಿದೆ. ಹೊರಗಿನ ಮೈಕಿನ ಪಿನ್ನನ್ನು ಚುಚ್ಚಿದ ಕೂಡಲೇ ಬಹುತೇಕ ಕ್ಯಾಮೆರಾಗಳಲ್ಲಿ ಒಳಗಿನ ಮೈಕ್ ನಿಂತುಹೋಗುತ್ತದೆ. ಹೊರಗಿನ ಮೈಕಿಗೆ ವಿದ್ಯುತ್ತು ಇಲ್ಲದಿದ್ದರೆ ಎರಡೂ ಇಲ್ಲ. ಏನೂ ಚುಚ್ಚದೆ ಬಿಟ್ಟಿದ್ದರೆ ಕೊನೆಯ ಪಕ್ಷ ಕ್ಯಾಮೆರಾದ ಮೈಕಾದರೂ ಒಂದಿಷ್ಟು ಹಿಡಿಯುತ್ತಿತ್ತು. ಚಿತ್ರ ಪರದೆಯ ಮೇಲೆ ಕಾಣುತ್ತಲೇ ಇರುವುದರಿಂದ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಇಯರ್‌ಫೋನ್ ತೂತಿರುವ ಕ್ಯಾಮೆರಾ ಆದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ 30 ಸೆಕೆಂಡು ರೆಕಾರ್ಡ್ ಮಾಡಿ, ಹಿಂದಕ್ಕೆ ಹಾಕಿ ಕೇಳುವುದೊಂದೇ ದಾರಿ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಕುಣಿಯುತ್ತಿದೆ ಎಂಬುದಷ್ಟನ್ನೇ ನಂಬಬಾರದು. ಬರಿಯ ಕರಕರ ಸದ್ದಿಗೂ ಅದು ಕುಣಿಯುತ್ತದೆ.

ಕೇಳಿದಾಗ ಸಿಗುವ ಲಕ್ಷಣಗಳಿಂದ ದೋಷವನ್ನು ಹೀಗೆ ಗುರುತಿಸಬಹುದು:

• ಪೂರ್ತಿ ನಿಶ್ಶಬ್ದ ಅಥವಾ ‘ಸ್ಸ್’ ಮಾತ್ರ: ವಿದ್ಯುತ್ತು ಇಲ್ಲ. ಸ್ವಿಚ್ಚು, ಸೆಲ್, ಮೆನು, ಪಿನ್ನಿನ ಗೆರೆ ಈ ಕ್ರಮದಲ್ಲಿ ನೋಡಿ.
• ಧ್ವನಿ ಇದೆ, ಆದರೆ ದುರ್ಬಲ, ಒಡೆದಂತಿದೆ: ಸೆಲ್ ಮುಗಿಯುತ್ತಾ ಬಂದಿದೆ.
• ಅಲುಗಿದಾಗೆಲ್ಲ ಕರಕರ: ಪಿನ್ ಸಡಿಲ ಅಥವಾ ವೈರ್ ಒಳಗೆ ತುಂಡಾಗಿದೆ.
• ಜೋರಾಗಿದ್ದು ಒಡೆದುಹೋಗಿದೆ: ಮಿಕ್ಸರಿನ ಬಲವಾದ ಧ್ವನಿಯನ್ನು ಕ್ಯಾಮೆರಾದ ಮೈಕ್ ತೂತಿಗೆ ನೇರವಾಗಿ ಕೊಟ್ಟಿದ್ದೀರಿ. ಮಿಕ್ಸರಿನಲ್ಲಿ ಮಟ್ಟ ಇಳಿಸಿ.

ಮೌನದಲ್ಲಿ ಏರುವ ಫ್ಯಾನ್ ಸದ್ದು

ಧ್ವನಿಯ ಮಟ್ಟವನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವಂತೆ ‘ಆಟೊ’ದಲ್ಲಿ ಬಿಡುವುದು ರೂಢಿ. ಶಿಕ್ಷಕರು ಮಾತು ನಿಲ್ಲಿಸಿದ ಕೂಡಲೇ ಕ್ಯಾಮೆರಾ “ಧ್ವನಿ ಕಡಿಮೆಯಾಯಿತು” ಎಂದುಕೊಂಡು ಮಟ್ಟವನ್ನು ಏರಿಸುತ್ತದೆ. ಆಗ ತಲೆಯ ಮೇಲಿನ ಫ್ಯಾನು, ಪಕ್ಕದ ತರಗತಿಯ ಮಗ್ಗಿ, ಹೊರಗಿನ ಬಸ್ಸಿನ ಹಾರನ್ ಎಲ್ಲವೂ ಮುನ್ನುಗ್ಗುತ್ತವೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವ ಅವಧಿಯ ಬಗ್ಗೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ನಾವೆಲ್ಲ ಓದಿದ್ದೇವೆ. ಸಾಮಾನ್ಯವಾಗಿ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಅಥವಾ ಹೆಚ್ಚು ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ. ಆ ಮೂರು ಸೆಕೆಂಡಿನಲ್ಲಿ ಅಂಜುತ್ತಾ ಬರುವ ಮೊದಲ ಉತ್ತರವನ್ನು ಫ್ಯಾನಿನ ಸದ್ದು ನುಂಗಬಾರದು. ಆದ್ದರಿಂದ ಸಾಧ್ಯವಿರುವ ಕ್ಯಾಮೆರಾಗಳಲ್ಲಿ ಮಟ್ಟವನ್ನು ಕೈಯಿಂದಲೇ ಹೊಂದಿಸಿ. ನಿಮ್ಮ ಅತಿ ಜೋರಾದ ಮಾತಿಗೆ ಪಟ್ಟಿ ಮೈನಸ್ 12ರ ಆಸುಪಾಸಿಗೆ ಬರುವಂತಿಟ್ಟರೆ ಸಾಕು.

ಮಕ್ಕಳ ಮಾತಿಗೆ ಎರಡನೆಯ ಮೈಕ್

ಶಿಕ್ಷಕರ ಎದೆಯ ಮೇಲಿನ ಕಾಲರ್ ಮೈಕ್ ಶಿಕ್ಷಕರ ಮಾತನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂದಿನ ಬೆಂಚಿನ ಮಾತನ್ನಲ್ಲ. ಇದಕ್ಕೆ ದುಬಾರಿ ಸಲಕರಣೆ ಬೇಡ. ಇನ್ನೊಂದು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಧ್ವನಿ ರೆಕಾರ್ಡರ್ ಚಾಲೂ ಮಾಡಿ, ಮಧ್ಯದ ಬೆಂಚಿನ ಮೇಲೆ ಮಡಿಸಿದ ಕರವಸ್ತ್ರ ಹಾಸಿ ಇಡಿ. ಅದರ ಮೈಕಿಗೆ ವಿದ್ಯುತ್ತು ಅದರೊಳಗೇ ಇದೆ. ಪಾಠ ಆರಂಭಿಸುವ ಮೊದಲು ಕ್ಯಾಮೆರಾಕ್ಕೆ ಕಾಣುವಂತೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಆಮೇಲೆ ಎರಡೂ ರೆಕಾರ್ಡುಗಳನ್ನು ಚಪ್ಪಾಳೆಯ ಸದ್ದಿಗೆ ಹೊಂದಿಸಿಕೊಂಡರೆ ಚಿತ್ರ, ಶಿಕ್ಷಕರ ಮಾತು, ಮಕ್ಕಳ ಮಾತು ಮೂರೂ ಕೂಡುತ್ತವೆ. ಕ್ಯಾಮೆರಾದ ಮೈಕ್ ಕೈಕೊಟ್ಟ ದಿನ ಪಾಠವನ್ನು ಉಳಿಸುವುದೂ ಇದೇ ಮೊಬೈಲ್. ಮಕ್ಕಳ ಮುಖ, ಧ್ವನಿ ದಾಖಲಾಗುವುದರಿಂದ ಮುಖ್ಯ ಶಿಕ್ಷಕರ ಅನುಮತಿಯನ್ನು ಮೊದಲೇ ಪಡೆಯಿರಿ. ವಿಡಿಯೊ ಹಿಮ್ಮಾಹಿತಿಗಷ್ಟೇ ಬಳಕೆಯಾಗಲಿ, ವಾಟ್ಸಾಪ್ ಗುಂಪುಗಳಿಗೆ ಹೋಗದಿರಲಿ.

ಪಾಠಕ್ಕೆ ಮುಂಚಿನ ಐದು ನಿಮಿಷ

1. ಈ ಮೈಕಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಬಾಯಿಬಿಟ್ಟು ಹೇಳಿ: ಸೆಲ್ಲಿನಿಂದ, ಕ್ಯಾಮೆರಾದಿಂದ, ಮಿಕ್ಸರಿನಿಂದ, ಅಥವಾ ಬೇಕಿಲ್ಲ.
2. ಸ್ವಿಚ್ಚು ಸರಿಯಾದ ಕಡೆಗಿದೆಯೇ? ಜೇಬಿನಲ್ಲಿ ಹೊಸ ಸೆಲ್ ಇದೆಯೇ?
3. ಪಿನ್ ಮೈಕಿನ ಚಿತ್ರವಿರುವ ತೂತಿನಲ್ಲಿದೆಯೇ? ಇಯರ್‌ಫೋನ್ ತೂತಿನಲ್ಲಿಲ್ಲವಲ್ಲ?
4. ಫ್ಯಾನ್ ತಿರುಗುತ್ತಿರುವಾಗಲೇ 30 ಸೆಕೆಂಡು ರೆಕಾರ್ಡ್ ಮಾಡಿ. ನೀವು ಒಂದು ವಾಕ್ಯ, ಹಿಂದಿನ ಬೆಂಚಿನ ಮಗು ಒಂದು ವಾಕ್ಯ.
5. ಹಿಂದಕ್ಕೆ ಹಾಕಿ ಇಯರ್‌ಫೋನಿನಲ್ಲಿ ಕೇಳಿ. ಎರಡೂ ವಾಕ್ಯ ಕೇಳಿದರೆ ಮಾತ್ರ ಪಾಠ ಶುರು.

ಬೋಧಕರಿಗೆ ಒಂದು ಸಲಹೆ. ಇದನ್ನು ಉಪನ್ಯಾಸವಾಗಿ ಹೇಳಿದರೆ ನಿಲ್ಲುವುದಿಲ್ಲ. ನಾಲ್ಕೈದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಮೈಕನ್ನು ಬೇಕೆಂದೇ ಕೆಡಿಸಿ ಕೊಡಿ: ಒಂದಕ್ಕೆ ಸೆಲ್ ತಿರುಗುಮುರುಗು, ಒಂದಕ್ಕೆ ಸ್ವಿಚ್ಚು ಮೊಬೈಲ್ ಕಡೆ, ಒಂದರ ಪಿನ್ ಅರ್ಧ ಹೊರಗೆ. ದೋಷವನ್ನು ಅವರೇ ಹುಡುಕಲಿ. ಅರ್ಧ ಗಂಟೆಯ ಈ ಚಟುವಟಿಕೆಯಲ್ಲಿ ಕಲಿತದ್ದನ್ನು ಶಾಲೆಯಲ್ಲಿ ಅವರು ಮರೆಯುವುದಿಲ್ಲ. ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ಇದು ಪಾಠದ ವಿಷಯವೂ ಹೌದು.

‘ಘರ್ಷಣೆ’ ಪಾಠ ಮಾಡಿದವರು ಈಗ ದ್ವಿತೀಯ ವರ್ಷದಲ್ಲಿದ್ದಾರೆ. ಅದೇ ಶಾಲೆಯ ಅದೇ ಮಕ್ಕಳಿಗೆ ಆ ಪಾಠವನ್ನು ಮತ್ತೆ ಮಾಡಿಸಿ ರೆಕಾರ್ಡ್ ಮಾಡೋಣವೆಂದು ನಾನು ಆಗ ಹೇಳಿದ್ದೆ. “ಬೇಡ ಸರ್. ಆ ಹುಡುಗ ಇನ್ನೊಂದು ಸಲ ಆ ಪ್ರಶ್ನೆ ಕೇಳಿದರೆ ಅದು ನಾಟಕ ಆಗುತ್ತೆ” ಎಂದರು. ಅವರು ಹೇಳಿದ್ದು ಸರಿ. ನಮ್ಮ ಮೈಕಿನ ಡಬ್ಬಿಯ ಮುಚ್ಚಳದ ಮೇಲೆ ಈಗ ಅವರ ಅಕ್ಷರದಲ್ಲಿ ಒಂದು ಚೀಟಿ ಅಂಟಿದೆ: ‘ಸ್ವಿಚ್ಚು ಯಾವ ಕಡೆ?’ ಈ ವರ್ಷ ನಾವು ರೆಕಾರ್ಡ್ ಮಾಡಿದ ಯಾವ ಪಾಠವೂ ಮೂಕವಾಗಿಲ್ಲ.